ಒಬ್ಬನೇ ತಂದೆಯ ಗಂಡ ಹೆಂಡತಿ

ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಬಂದ ದಿನ ನಾನು ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನ ಮೂರು ಮಹಡಿಗಳನ್ನೂ ಹತ್ತಿ ಇಳಿದು, ಎಲ್ಲರ ಮನೆಗೂ ಹೋಗಿ ತೋಳು ತೋರಿಸಿ ಬಂದಿದ್ದೆ. ತೋಳು ಬಾತಿತ್ತು, ಮೈ ಸಣ್ಣಗೆ ಬಿಸಿಯೂ ಇತ್ತು. ಆದರೆ ಅದು ಆಫ್ರಿಕಾಕ್ಕೆ ಹೋಗುವವರಿಗೆ ಹಾಕುವ ಸೂಜಿ. ಇಡೀ ಬಿಲ್ಡಿಂಗಿನಲ್ಲಿ ಅಂಥ ಸೂಜಿ ಹಾಕಿಸಿಕೊಂಡವಳು ನಾನೊಬ್ಬಳೇ. ಐವತ್ತರ ದಶಕದ ನಡುಭಾಗದ ಮಾತು. ನನಗೆ ಇಪ್ಪತ್ತೊಂದು ವರ್ಷ. ಮದುವೆಯಾಗಿ ಐದು ತಿಂಗಳಾಗಿತ್ತು, ಅದರಲ್ಲಿ ಗಂಡನ ಜೊತೆಗಿದ್ದದ್ದು ಐದೇ ವಾರ. ಅವರು ನೈರೋಬಿಯ ಒಂದು ಕಂಪನಿಯಲ್ಲಿ ಗುಮಾಸ್ತರಾಗಿದ್ದರು. ರಜೆಯಲ್ಲಿ ಬಂದು ಮದುವೆಯಾಗಿ, ರಜೆ ಮುಗಿಯಿತೆಂದು ಹಡಗು ಹತ್ತಿದ್ದರು. ನಾನು ಹಿಂದಿನಿಂದ ಹೋಗುವುದೆಂದು ಮಾತಾಗಿತ್ತು.

ಅವರ ಕಾಗದಗಳ ಕೊನೆಯಲ್ಲಿ ಪ್ರತಿಸಲವೂ ಆ ಊರಿನ ಭಾಷೆಯ ನಾಲ್ಕೈದು ಶಬ್ದಗಳಿರುತ್ತಿದ್ದವು. ಮಾಜಿ ಅಂದರೆ ನೀರು, ಚುಂವಿ ಅಂದರೆ ಉಪ್ಪು. ಅವನ್ನು ಉರು ಹೊಡೆಯುತ್ತ ನಾನು ಅಡುಗೆಮನೆಯಲ್ಲಿ ಅತ್ತೆಯ ತಲೆ ತಿನ್ನುತ್ತಿದ್ದೆ.

"ಅತ್ತೆ, ಸಾರಿಗೆ ಚುಂವಿ ಹಾಕಿದ್ರಾ?"

"ಎಂತ ಹಾಕ್ಬೇಕಂತೆ? ನೀನು ಮೊದಲು ಆ ಕೊತ್ತಂಬರಿ ನೋಡು ಮಾರಾಯ್ತಿ, ಸೀದು ಹೋಗ್ತಾ ಉಂಟು."

ಈ ಅತ್ತೆ ನನ್ನ ಸೋದರಮಾವನ ಹೆಂಡತಿ. ನನ್ನ ತಂದೆ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು, ಅಮ್ಮ ನನಗೆ ಮೂರು ವರ್ಷವಾಗಿದ್ದಾಗ. ಉಡುಪಿಯ ಹತ್ತಿರದ ಊರಿನಿಂದ ನನ್ನನ್ನು ಎತ್ತಿಕೊಂಡು ಮುಂಬಯಿಗೆ ಬಂದವರು ಮಾವ. ಗ್ರಾಂಟ್ ರೋಡಿನಲ್ಲಿ ಅವರದೊಂದು ಸಣ್ಣ ಹೋಟೆಲು. ಅವರ ಮಗ, ಅಂದರೆ ಈಗ ನನ್ನ ಗಂಡ, ಮಾತ್ರ ಊರಿನಲ್ಲಿ ಅಜ್ಜಿಯ ಹತ್ತಿರವೇ ಓದಿ ಬೆಳೆದರು. ನಮ್ಮ ಕಡೆ ಸೋದರಮಾವನ ಮಗನನ್ನು ಮದುವೆಯಾಗುವುದು ಹಿಂದಿನಿಂದ ಬಂದ ವಾಡಿಕೆ. ಹಾಗಾಗಿ ನನ್ನ ಮದುವೆ ಅಂದರೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದಷ್ಟೇ. ಮಾವನಿಗೆ ಅದರ ಸಂತೋಷ ಹೇಳತೀರದು. ಒಂದೇ ಒಂದು ವಿಷಯಕ್ಕೆ ಅವರು ನಾಲ್ಕು ದಿನ ಮುಖ ಊದಿಸಿಕೊಂಡಿದ್ದರು. ಗಂಡಿನ ತಂದೆಯೇ ಹೆಣ್ಣನ್ನು ಧಾರೆ ಎರೆದು ಕೊಡುವಂತಿಲ್ಲ ಎಂದು ಪುರೋಹಿತರು ಹೇಳಿ, ಅಲ್ಲಿಯವರೆಗೆ ನನ್ನ ಮುಖ ನೋಡದಿದ್ದ ಚಿಕ್ಕಪ್ಪನನ್ನು ಊರಿನಿಂದ ಕರೆಸಬೇಕಾಯಿತು.

ಇನ್ನು ಹಡಗಿನ ವಿಷಯ. ನೈರೋಬಿಯಿಂದ ನನ್ನ ಹೆಸರಿಗೆ ಪ್ರವೇಶದ ಪರವಾನಗಿ ಬಂದಿತ್ತು. ಅದಕ್ಕೊಂದು ಗಡುವು. ಇನ್ನು ಹದಿಮೂರು ದಿನಕ್ಕೆ ಹೊರಡುವ ಹಡಗು ತಪ್ಪಿದರೆ ಮುಂದಿನ ಹಡಗು ಮೊಂಬಾಸಾ ಮುಟ್ಟುವಷ್ಟರಲ್ಲಿ ಗಡುವು ಮೀರುತ್ತಿತ್ತು. ಅಲ್ಲಿ ಕಾನೂನು ದಿನದಿಂದ ದಿನಕ್ಕೆ ಬಿಗಿಯಾಗುತ್ತಿದೆ, ಇನ್ನೊಮ್ಮೆ ಅರ್ಜಿ ಹಾಕಿದರೆ ಸಿಕ್ಕುವುದು ಕಷ್ಟ, ಏನಾದರೂ ಮಾಡಿ ಇದೇ ಹಡಗಿಗೆ ಬಾ ಎಂದು ಇವರು ಬರೆದಿದ್ದರು. ಆ ದೇಶ ಆಗಿನ್ನೂ ಬ್ರಿಟಿಷರ ಕೈಯಲ್ಲಿತ್ತು. ಉಳಿದದ್ದು ಫೋರ್ಟಿನಲ್ಲಿದ್ದ ಅವರ ಆಫೀಸಿನಲ್ಲಿ ಪಾಸ್‌ಪೋರ್ಟಿಗೆ ಬೀಳಬೇಕಾದ ಒಂದು ಮುದ್ರೆ ಮಾತ್ರ. ನನ್ನ ಟ್ರಂಕು ಆಗಲೇ ತುಂಬಿ, ಮುಚ್ಚಳದ ಮೇಲೆ ಅತ್ತೆಯನ್ನು ಕೂರಿಸಿದರೇನೇ ಚಿಲಕ ಬೀಳುವ ಹಾಗಾಗಿತ್ತು.

ಮಾವ ಕರಿ ಕೋಟು ತೊಟ್ಟು, ಕಚ್ಚೆಪಂಚೆ ಇಸ್ತ್ರಿ ಮಾಡಿಸಿಕೊಂಡು ನನ್ನ ಜೊತೆ ಬಂದರು. ಒಳಗೆ ಬಿಳಿಯ ಅಧಿಕಾರಿ. ಮೇಜಿನ ಮೇಲೆ ಎರಡು ಫೈಲು ಅಕ್ಕಪಕ್ಕ ಇಟ್ಟುಕೊಂಡು ಅದನ್ನೊಮ್ಮೆ ಇದನ್ನೊಮ್ಮೆ ನೋಡುತ್ತಿದ್ದ. ನಾನು ಮೆಟ್ರಿಕ್ ಪಾಸಾದವಳು, ಅವನ ಇಂಗ್ಲಿಷು ನನಗೆ ಸಾಕಷ್ಟು ತಿಳಿಯುತ್ತಿತ್ತು.

"ನಿಮ್ಮ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಇದು" ಎಂದು ಬೆರಳಿಟ್ಟು ತೋರಿಸಿದ. "ನಿಮ್ಮ ಗಂಡ ಎಂದು ಹೇಳಿಕೊಂಡಿರುವವರ ಅರ್ಜಿಯಲ್ಲಿ ತಂದೆಯ ಹೆಸರು ಇದು. ಹೆಸರು ಒಂದೇ, ಊರು ಒಂದೇ, ಹೋಟೆಲಿನ ವಿಳಾಸವೂ ಒಂದೇ."

ನನ್ನನ್ನು ಶಾಲೆಗೆ ಸೇರಿಸುವಾಗ ತಂದೆಯ ಹೆಸರು ಎಂದು ಕೇಳಿದಲ್ಲಿ ಮಾವ ತಮ್ಮ ಹೆಸರು ಬರೆಸಿದ್ದರು. ಮೆಟ್ರಿಕ್ ಸರ್ಟಿಫಿಕೇಟಿಗೂ ಅದೇ ಬಂತು, ಅದನ್ನು ನೋಡಿಯೇ ಪಾಸ್‌ಪೋರ್ಟ್ ಆಯಿತು. ನಮ್ಮ ಮನೆಯಲ್ಲಿ ಒಬ್ಬರಿಗೂ ಅದು ತಪ್ಪೆಂದು ಅನಿಸಿರಲಿಲ್ಲ. ಮಗಳು ಸೊಸೆಯಾದಳು ಎಂದು ಎಲ್ಲರೂ ಖುಷಿಪಟ್ಟರೇ ಹೊರತು, ಕಾಗದದ ಮೇಲೆ ಅಣ್ಣ ತಂಗಿಗೆ ಮದುವೆ ಮಾಡಿಸಿದ್ದೇವೆ ಎಂಬುದು ಯಾರ ತಲೆಗೂ ಹೋಗಿರಲಿಲ್ಲ.

ಅಧಿಕಾರಿ ಮಾವನ ಕಡೆ ತಿರುಗಿದ. "ಈ ಯುವಕ ನಿಮ್ಮ ಮಗನೇ?"

"ಯೆಸ್ ಸರ್."

"ಈಕೆ ನಿಮ್ಮ ಮಗಳೇ?"

"ಯೆಸ್ ಸರ್, ಯೆಸ್ ಸರ್" ಎಂದರು ಮಾವ, ಎದೆಯುಬ್ಬಿಸಿ. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡು, ನಾನೇನೋ ಎಡವಿದೆ ಎಂಬಂತೆ ಇನ್ನೊಮ್ಮೆ ನಗುಮುಖದಿಂದ "ಯೆಸ್ ಸರ್" ಎಂದರು.

ಆಮೇಲೆ ನಾನು ವಿವರಿಸಲು ಹೋದೆ. ಅಮ್ಮನ ಅಣ್ಣ, ಅವರ ಮಗ, ನಮ್ಮಲ್ಲಿ ಹೀಗೆ ಮದುವೆಯಾಗುತ್ತದೆ ಎಂದೆಲ್ಲ ಹೇಳಿದೆ. ಅವನು ಕಾಗದದ ಮೇಲೆ ಗೆರೆ ಎಳೆದು ನಮ್ಮ ವಂಶವೃಕ್ಷ ಬರೆಯಲು ನೋಡಿ, ಎರಡು ಸಲ ಹೊಡೆದುಹಾಕಿದ. ಒರಟನೇನಲ್ಲ. ತಂಗಿಯನ್ನು ಹೆಂಡತಿ ಎಂದು ಹೇಳಿ ಕರೆಸಿಕೊಳ್ಳುವವರು ಇದ್ದಾರೆ, ಹಾಗಾಗಿ ಬಾಯಿಮಾತಿನಲ್ಲಿ ನಂಬಲಾರೆ ಎಂದ. ಮ್ಯಾಜಿಸ್ಟ್ರೇಟರ ಎದುರು ಪ್ರಮಾಣ ಮಾಡಿದ ಕಾಗದ ಬೇಕು, ಹೆತ್ತ ತಂದೆ ಯಾರೆಂದು ತೋರಿಸುವ ಪುರಾವೆ ಬೇಕು. ತಂದರೆ ಮುದ್ರೆ ಒತ್ತುತ್ತೇನೆ, ಇಲ್ಲದಿದ್ದರೆ ಫೈಲು ನೈರೋಬಿಗೆ ವಾಪಸ್ಸು.

ಆ ಸಂಜೆ ನನ್ನ ಕೋಪ ನೋಡಬೇಕಿತ್ತು. ಪಾತ್ರೆ ಕುಕ್ಕಿದೆ, ಬಾಗಿಲು ಬಡಿದೆ. ಮಾವ ಊಟ ಮಾಡುತ್ತ, "ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಸುಳ್ಳು ಹೇಳ್ಲಿಕ್ಕೆ ಆಗ್ತದಾ?" ಎಂದು ಅತ್ತೆಯ ಹತ್ತಿರ ಮೆಲ್ಲಗೆ ಹೇಳುವುದು ನನಗೆ ಕೇಳಿಸಿತು. ಅತ್ತೆಯೇ ಅಲಮಾರಿಯಿಂದ ನಮ್ಮ ಲಗ್ನಪತ್ರಿಕೆ ಹುಡುಕಿ ತೆಗೆದರು. ಅದರಲ್ಲಿ ಚಿಕ್ಕಪ್ಪ ಪಟ್ಟು ಹಿಡಿದು ಹಾಕಿಸಿದ್ದ ಸಾಲಿತ್ತು: ನಾನು ದಿವಂಗತರಾದ ಇಂಥವರ ಮಗಳು ಎಂದು. ಪುರಾವೆ ಸಿಕ್ಕಿತು. ನಾನು ಪತ್ರಿಕೆಯನ್ನು ಎದೆಗೊತ್ತಿಕೊಂಡು ಕುಣಿದಾಡಿದೆ.

ಮರುದಿನ ನಮ್ಮ ಕಡೆಯವರೇ ಆದ ಒಬ್ಬ ವಕೀಲರು ಪತ್ರಿಕೆಯನ್ನು ಇಂಗ್ಲಿಷಿಗೆ ಮಾಡಿಸಿ, ಪ್ರಮಾಣದ ಕಾಗದ ಟೈಪ್ ಮಾಡಿಸಿದರು. ಆಮೇಲೆ ಅದನ್ನು ಮಾವನಿಗೆ ಕನ್ನಡದಲ್ಲಿ ಓದಿ ಹೇಳಿದರು. ಈಕೆ ನನ್ನ ಮಗಳಲ್ಲ. ನನ್ನ ತೀರಿಹೋದ ತಂಗಿಯ ಮಗಳು. ಈಕೆಯ ತಂದೆ ಎಂದು ನನ್ನ ಹೆಸರು ಬರೆಸಿದ್ದು ತಪ್ಪು.

"ತಪ್ಪು ಅಂತ ಹಾಕ್ಬೇಕಾ?" ಎಂದರು ಮಾವ.

"ಹಾಕ್ಬೇಕು ರಾಯರೇ. ಇಲ್ಲದಿದ್ರೆ ಅವರು ಒಪ್ಪುದಿಲ್ಲ."

"ಸಾಕಿದ್ದು ನಾನು ಅಂತ ಎಲ್ಲಿಯೂ ಬರ್ಲಿಲ್ಲ."

"ಅದು ಅವರಿಗೆ ಬೇಕಾಗಿಲ್ಲ."

ಮಾವ ಪೆನ್ನು ಹಿಡಿದುಕೊಂಡು ಕೂತೇ ಇದ್ದರು. ನನ್ನ ಕಣ್ಣೆಲ್ಲ ಗೋಡೆಯ ಗಡಿಯಾರದ ಮೇಲೆ. "ಬೇಗ ಸೈನ್ ಮಾಡಿ ಮಾವ" ಎಂದೆ, "ಇನ್ನು ಮ್ಯಾಜಿಸ್ಟ್ರೇಟರ ಹತ್ರ ಹೋಗ್ಬೇಕು, ನಾಲ್ಕು ಗಂಟೆಗೆ ಆಫೀಸು ಮುಚ್ತಾರೆ." ಅವರು ಸಹಿ ಮಾಡಿದರು.

ಮ್ಯಾಜಿಸ್ಟ್ರೇಟರು ಕಾಗದದ ಮೇಲೆ ಕಣ್ಣಾಡಿಸಿ, ನನ್ನನ್ನು ತೋರಿಸಿ ಹಿಂದಿಯಲ್ಲಿ ಕೇಳಿದರು, ಈಕೆ ನಿಮ್ಮ ಮಗಳೇ ಎಂದು.

"ನಹೀ" ಎಂದರು ಮಾವ. ಅದೊಂದೇ ಶಬ್ದ.

ಅಬ್ಬ, ಈ ಸಲ ಸರಿಯಾಗಿ ಹೇಳಿದರು ಎಂದುಕೊಂಡೆ. ನಿಜವಾಗಿ ನನಗೆ ಬಂದ ಯೋಚನೆ ಅದೇ. ಅವರ ಮುಖ ಹೇಗಿತ್ತೆಂದು ಈಗ ನೆನಪು ಮಾಡಿಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ. ನಾನು ನೋಡಿಯೇ ಇರಲಿಲ್ಲ.

ಮೂರೂಮುಕ್ಕಾಲಿಗೆ ಮುದ್ರೆ ಬಿತ್ತು. ಆ ಟಪ್ಪೆಂಬ ಸದ್ದು ಕೇಳಿ ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಚರ್ಚ್‌ಗೇಟಿನಲ್ಲಿ ಲೋಕಲ್ ಹತ್ತಿದ ಮೇಲೂ ನಾನು ಪಾಸ್‌ಪೋರ್ಟನ್ನು ಚೀಲದಿಂದ ತೆಗೆಯುವುದು, ನೋಡುವುದು, ಒಳಗಿಡುವುದು. ಮುದ್ರೆಯ ಶಾಯಿ ನೀಲಿ, ಒಂದು ಮೂಲೆ ಸ್ವಲ್ಪ ಮಸುಕಾಗಿತ್ತು. ನಮ್ಮವರಿಗೆ ತಂತಿ ಕೊಡಬೇಕು, ಮಾವ, ನಾಳೆಯೇ. ಹಡಗಿನಲ್ಲಿ ಎಷ್ಟು ದಿನ ವಾಂತಿಯಾಗುತ್ತದಂತೆ? ಮೊಂಬಾಸಾದಿಂದ ನೈರೋಬಿಗೆ ಹೋಗುವ ರೈಲಿನ ಕಿಟಕಿಯಿಂದ ಜಿರಾಫೆ ಕಾಣುತ್ತದಂತೆ. ದಾದರ್ ಹೋಯಿತು, ಬಾಂದ್ರಾ ಹೋಯಿತು, ನನ್ನ ಬಾಯಿ ನಿಲ್ಲಲಿಲ್ಲ.

"ಆ ಕಾಗದ ಎಲ್ಲುಂಟು?" ಎಂದು ಮಾವ ಕೇಳಿದರು.

"ಒಂದು ಅವರ ಫೈಲಿಗೆ ಹೋಯ್ತು. ಇನ್ನೊಂದು ನನ್ನ ಚೀಲದಲ್ಲಿ ಉಂಟು. ಮೊಂಬಾಸಾದಲ್ಲಿ ಕೇಳಿದ್ರೆ ತೋರಿಸ್ಬೇಕಂತೆ."

"ಹಾಗಾದ್ರೆ ಹರೀಬೇಡ, ಇಟ್ಕೊ" ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ, "ಆದ್ರೆ ಅದನ್ನು ನಮ್ಮ ಮನೆಯೊಳಗೆ ತರ್ಬೇಡ ಮಗಾ" ಎಂದರು.

ಪಾರ್ಲೆಯಲ್ಲಿ ಇಳಿದು ಮನೆಯವರೆಗೂ ನಾನು ಅವರ ಹಿಂದೆ ತಲೆ ತಗ್ಗಿಸಿಕೊಂಡು ನಡೆದೆ. ಎರಡನೇ ಮಹಡಿಯಲ್ಲಿ ಅವರು ಬೀಗ ತೆಗೆಯುತ್ತಿದ್ದಾಗ, ನಾನು ಪಕ್ಕದ ಮನೆಯ ಮರಾಠಿ ಅಜ್ಜಿಯ ಬಾಗಿಲು ತಟ್ಟಿದೆ. ಮಡಿಸಿದ ಕಾಗದವನ್ನು ಅವರ ಕೈಗೆ ಕೊಟ್ಟು, ಹಡಗು ಹತ್ತುವ ದಿನ ತೆಗೆದುಕೊಂಡು ಹೋಗುತ್ತೇನೆ ಎಂದೆ. ಏನು ಎತ್ತ ಎಂದು ಅವರು ಕೇಳಲಿಲ್ಲ, ದೇವರ ಮಣೆಯ ಕೆಳಗೆ ಸೇರಿಸಿದರು.

ಹನ್ನೊಂದು ದಿನ ಅದು ಅಲ್ಲಿಯೇ ಇತ್ತು. ಹೊರಡುವ ಬೆಳಿಗ್ಗೆ ಮಾವ ಟ್ರಂಕಿನ ಜೊತೆ ಕೆಳಗಿಳಿದು ಟ್ಯಾಕ್ಸಿಯ ಹತ್ತಿರ ನಿಂತ ಮೇಲೆ, ನಮ್ಮ ಮನೆಯ ಬಾಗಿಲಿಗೆ ನಮಸ್ಕಾರ ಮಾಡಿ ಮುಗಿಸಿದ ಮೇಲೆ, ನಾನು ಪಕ್ಕದ ಮನೆಗೆ ಹೋಗಿ ಅದನ್ನು ಕೇಳಿ ಪಡೆದೆ.