ಕಾಕುವಿನ ಜಡೆಯ ಅಳತೆ

ಆಗ ಶಿರೂರಿನ ಹೊಲಗಳಿಗೆ ಕರೆಂಟು ತನಗೆ ಮನಸ್ಸು ಬಂದಾಗ ಬರುತ್ತಿತ್ತು. ಬಂದ ಕೂಡಲೇ ಕೈಯಲ್ಲಿದ್ದ ತುತ್ತು ಬಿಟ್ಟು ಓಡಬೇಕು. ಬಾವಿಯ ಮೋಟಾರು ಹಚ್ಚಬೇಕು, ಎಮ್ಮೆಗಳಿಗೆ ಮೇವು ಕತ್ತರಿಸಿಕೊಳ್ಳಬೇಕು. ತೊಂಬತ್ತರ ದಶಕದ ಆ ಒಂದು ಮಳೆಗಾಲ ನೆನಪಾದರೆ ಹಸಿ ಸಗಣಿ, ಹಾಲಿನ ನೊರೆ, ಕಾಕುವಿನ ತಲೆಯ ಕೊಬ್ಬರಿ ಎಣ್ಣೆ, ಮೂರೂ ಕೂಡಿದ ವಾಸನೆ ಮೂಗಿಗೆ ಬರುತ್ತದೆ. ನಿಮ್ಮಲ್ಲಿ ಹಲವರಿಗೆ ಇಂಥ ವಾಸನೆ ಸುಖ ಕೊಡಬಹುದು. ನನಗೆ ಕೊಡುವುದಿಲ್ಲ.

ನಾವು ಧಾರವಾಡ ಕಡೆಯವರು. ಅಪ್ಪ ಪುಣೆಯಲ್ಲಿ ಗುಮಾಸ್ತ, ಮನೆ ಕೊಂಢವಾದಲ್ಲಿ. ಅಪ್ಪನ ತಮ್ಮ, ನಮ್ಮ ಕಾಕಾ, ಪುಣೆಯ ಆಚೆ ಶಿರೂರಿನ ಹತ್ತಿರ ಮೂರು ಎಕರೆ ಹೊಲ ಮಾಡಿ ನಾಲ್ಕು ಎಮ್ಮೆ ಕಟ್ಟಿದ್ದ. ಆ ವರ್ಷ ಅವ್ವ ಹೆರಿಗೆಗೆ ತವರಿಗೆ ಹೋದಳು. ಹತ್ತು ವರ್ಷದ ನನ್ನನ್ನು ಅಲ್ಲಿನ ಶಾಲೆಗೆ ಹಾಕಿ, ಕಾಕಾ, ಅವನ ಹೆಂಡತಿ ಕಾಕು ಮತ್ತು ಅಜ್ಜಿಯ ಜೊತೆ ಹೊಲದ ಮನೆಯಲ್ಲಿ ಬಿಟ್ಟರು.

ಕಾಕುವಿನ ಜಡೆ ಮೊಣಕಾಲು ಮುಟ್ಟುತ್ತಿತ್ತು. ಹೆಣ್ಣು ನೋಡಲು ಹೋದ ದಿನ ಅಜ್ಜಿ ಮೆಚ್ಚಿದ್ದೇ ಅದನ್ನು. ಆದರೆ ಆ ಮನೆಯಲ್ಲಿ ಅವಳು ಹಾಲು ಕರೆಯಲು ಕೂತರೆ ಅದು ಸಗಣಿಯಲ್ಲಿ ಬೀಳುತ್ತಿತ್ತು, ಸೌದೆಗೆ ಹೋದರೆ ಜಾಲಿ ಮುಳ್ಳಿಗೆ ಸಿಗುತ್ತಿತ್ತು. ತುರುಬು ಕಟ್ಟಿದರೆ ಭಾರಕ್ಕೆ ಗಳಿಗೆಯಲ್ಲಿ ಬಿಚ್ಚಿಕೊಳ್ಳುತ್ತಿತ್ತು.

"ನಮ್ಮ ಮನ್ಯಾಗ ಎಮ್ಮಿ ನಾಕು, ಬಾಲ ಐದು ನೋಡ," ಎಂದು ಕಾಕಾ ನಗುತ್ತಿದ್ದ. ಕಾಕುವೂ ನಗುತ್ತಿದ್ದಳು.

ನಗು ನಿಂತದ್ದು ಕುಟ್ಟಿ ಬಂದ ಮೇಲೆ. ಜೋಳದ ಕಣಿಕೆಯನ್ನು, ಅಂದರೆ ಒಣ ದಂಟನ್ನು, ಸಣ್ಣಗೆ ಕತ್ತರಿಸುವ ಯಂತ್ರಕ್ಕೆ ಅಲ್ಲಿನವರು ಕುಟ್ಟಿ ಎನ್ನುತ್ತಿದ್ದರು. ಮೋಟಾರಿನಿಂದ ಅದರ ದೊಡ್ಡ ಚಕ್ರಕ್ಕೆ ಒಂದು ರಬ್ಬರ್ ಪಟ್ಟಾ ಓಡುತ್ತಿತ್ತು, ಅದಕ್ಕೆ ಮುಚ್ಚಳವಿರಲಿಲ್ಲ. ಎರಡನೆಯ ದಿನವೇ ಕಾಕಾನ ಹೆಗಲ ಟವೆಲ್ಲಿನ ತುದಿ ಅದಕ್ಕೆ ತಾಗಿತು. ಟವೆಲ್ಲು ಹೋದದ್ದು ನಮಗೆ ಕಾಣಲೇ ಇಲ್ಲ. ಕಂಡದ್ದು ಚಕ್ರದ ಆಚೆ ಬಿದ್ದ ಚಿಂದಿ ಮಾತ್ರ. ಪಕ್ಕದ ಹೊಲದ ಮುದುಕಿಯೊಬ್ಬಳು ಆ ಚಿಂದಿ ಎತ್ತಿ ನೋಡಿ, ಕಾಕುವಿನ ಜಡೆ ನೋಡಿ, ಮರಾಠಿಯಲ್ಲಿ ಮೆಲ್ಲಗೆ ಅಂದಳು: "ಕೇಸ ಕಾಪ ಗಂ ಪೋರೀ. ಯಂತ್ರಾಲಾ ಡೋಳೇ ನಸತಾತ." ಕೂದಲು ಕತ್ತರಿಸಿಕೋ ಮಗಳೇ, ಯಂತ್ರಕ್ಕೆ ಕಣ್ಣಿರುವುದಿಲ್ಲ.

ಆ ಸಂಜೆಯಿಂದಲೇ ಕಾಕು ಅಳತೆ ಹುಡುಕತೊಡಗಿದಳು. ನನ್ನನ್ನು ಎದುರಿಗೆ ಕೂರಿಸಿಕೊಂಡು ಬಗ್ಗಿ, ಎದ್ದು, ಬುಟ್ಟಿ ಹೊತ್ತು ನೋಡಿದಳು. ಕಿವಿಯವರೆಗಾದರೆ ಕಣ್ಣಿಗೆ ಬೀಳುತ್ತದೆ, ಕಟ್ಟಲೂ ಬಾರದು. ನಡುವಿನವರೆಗಾದರೆ ಬಗ್ಗಿದಾಗ ಮುಂದೆ ಜಾರುತ್ತದೆ. ಹೆಗಲಿನಿಂದ ಎರಡು ಬೆರಳು ಕೆಳಗಾದರೆ ಗಟ್ಟಿ ಗಂಟು ಕೂರುತ್ತದೆ, ಜಾರುವುದಿಲ್ಲ. ಅಲ್ಲಿಗೆ ಒಂದು ಕೆಂಪು ದಾರ ಕಟ್ಟಿ ಅಜ್ಜಿಯ ಮುಂದೆ ನಿಂತಳು.

"ಇಷ್ಟ ಇಟಗೊಂಡು ಉಳದದ್ದ ತಗಸ್ಲೇನ್ರಿ, ಅತ್ತಿ?"

"ಮುತ್ತೈದಿ ಹೆರಳಿಗೆ ಕತ್ತರಿ ಹಚ್ಚಿದ್ರ ಗಂಡನ ಆಯುಷ್ಯಕ್ಕ ಹಚ್ಚಿದಂಗ," ಅಜ್ಜಿ ಅಂದಳು. ಆದರೆ ಟವೆಲ್ಲಿನ ಚಿಂದಿಯನ್ನು ಅವಳೂ ನೋಡಿದ್ದಳು. ಒಂದು ವಾರದ ಮೇಲೆ ಒಪ್ಪಿದಳು. "ಆತು, ತಗಸು. ಆದ್ರ ಶ್ರಾವಣ ಮುಗೀಲಿ. ಲಕ್ಷ್ಮಿ ಕೂಡಸೂ ತಿಂಗಳದಾಗ ಬ್ಯಾಡ."

ಒಂದು ತಿಂಗಳ ಮಾತು. ಯಾರಿಗೂ ದೊಡ್ಡದು ಅನ್ನಿಸಲಿಲ್ಲ. ನಾನು ಮಾತ್ರ ಪ್ರತಿಸಲ ಕುಟ್ಟಿ ಶುರುವಾದಾಗ ಕಾಕುವಿನ ಬೆನ್ನನ್ನೇ ನೋಡುತ್ತಿದ್ದೆ. ಜಡೆಯನ್ನು ಸೀರೆಯೊಳಗೆ ಸಿಕ್ಕಿಸಿಕೊಂಡೇ ಅವಳು ಕೆಲಸ ಮಾಡುತ್ತಿದ್ದಳು. ಅದು ಪ್ರತಿಸಲ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತಿತ್ತು.

ಶ್ರಾವಣದ ಎರಡನೆಯ ಬುಧವಾರ, ನಾನು ಶಾಲೆ ಬಿಟ್ಟು ಬಂದಾಗ ಅಜ್ಜಿ ಇನ್ನೂ ಮಲಗಿದ್ದಳು; ಕಾಕು ನನ್ನ ಕೈಗೆ ಹೊಲಿಗೆಯ ಕತ್ತರಿ ಕೊಟ್ಟು ಬೆನ್ನು ಮಾಡಿ ಕೂತಳು.

"ದಾರದ ಕೆಳಗ ಕತ್ತರಿಸಿಬಿಡವಾ. ಮುತ್ತೈದಿ ತಾನ ಕತ್ತರಿಸ್ಕೋಬಾರದಂತ, ಸಣ್ಣ ಹುಡಿಗಿ ಕೈಲೆ ಆದ್ರ ದೋಷ ಇಲ್ಲಂತ. ಅತ್ತಿಗೆ ನಾ ಹೇಳ್ತೀನಿ."

ಜಡೆ ಹಿಡಿದೆ. ನನ್ನ ಮುಷ್ಟಿಗೆ ಹಿಡಿಸಲಿಲ್ಲ. ಕತ್ತರಿ ಬಾಯಿ ತೆರೆದೆ. ಅಜ್ಜಿಯ ಮಾತು ನೆನಪಾಗಿ ಅದನ್ನು ಮತ್ತೆ ಮುಚ್ಚಿದೆ.

"ಕಾಕಾಗ ಏನರ ಆದ್ರ?"

ಕಾಕು ತಿರುಗಿ ನೋಡಿದಳು. ಅವಳ ಮುಖದಲ್ಲೂ ಅದೇ ಭಯವಿತ್ತು. ಅವಳೂ ಪೂರ್ತಿ ಧೈರ್ಯದವಳಲ್ಲ. ನನ್ನ ಧೈರ್ಯವನ್ನು ಕಡ ಕೇಳಿದ್ದಳು ಅಷ್ಟೆ.

"ಇರ್ಲಿ ಬಿಡು. ಇನ್ನ ಎಷ್ಟ ದಿನಾ," ಎಂದು ಕತ್ತರಿ ತೆಗೆದಿಟ್ಟಳು. ನನಗೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ಎರಡು ದಿನ ಬಿಟ್ಟು ಶುಕ್ರವಾರ. ಹೂರಣದ ಹೋಳಿಗೆಯ ಆಸೆಗೆ ನಾನು ಶಾಲೆ ತಪ್ಪಿಸಿದ್ದೆ. ಪೂಜೆಗೆಂದು ಕಾಕು ತಲೆ ಸ್ನಾನ ಮಾಡಿ, ಹಸಿ ಕೂದಲನ್ನು ಹರವಿ, ತುದಿಗೆ ಸಣ್ಣ ಗಂಟು ಹಾಕಿ ಹೂ ಮುಡಿದಿದ್ದಳು. ಕೆಂಪು ದಾರ ಸ್ನಾನದಲ್ಲಿ ಬಿಚ್ಚಿತ್ತು. ಎರಡು ದಿನದಿಂದ ಕರೆಂಟಿರಲಿಲ್ಲ, ಎಮ್ಮೆಗಳು ಬೆಳಗಿನಿಂದ ಒದರುತ್ತಿದ್ದವು, ಕಾಕಾ ಹಾಲು ಹಾಕಲು ಊರಿಗೆ ಹೋಗಿದ್ದ. ಆರತಿ ಮುಗಿಯುವಷ್ಟರಲ್ಲಿ ಬಲ್ಬು ಹತ್ತಿತು.

"ಹೋಗವಾ, ಕರೆಂಟ್ ಹೋಗೂದ್ರಾಗ ಎರಡ ಹೊರಿ ಕತ್ತರಿಸ್ಕೊಂಡ ಬಾ," ಅಜ್ಜಿಯೇ ಅಂದಳು.

ನಾನು ಕಣಿಕೆ ಕೊಡುತ್ತಿದ್ದೆ. ಮೊದಲ ಹೊರೆ ಆಯಿತು. ಎರಡನೆಯದರ ಕಟ್ಟು ಬಿಚ್ಚಲು ಕಾಕು ಬಗ್ಗಿದಳು. ಕೂದಲು ಹೆಗಲಿನಿಂದ ಜಾರಿತು. ಯಂತ್ರದ ಸದ್ದು ಒಮ್ಮೆ ದಪ್ಪವಾಯಿತು, ಅಷ್ಟೇ. ಮೋಟಾರು ನಿಲ್ಲಿಸುವ ಗುಂಡಿ ಎತ್ತರದಲ್ಲಿತ್ತು. ಕಣಿಕೆಯ ಹೊರೆಯ ಮೇಲೆ ಹತ್ತಿ ಅದನ್ನು ಒತ್ತುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು. ಹಣೆಯಿಂದ ಹಿಂಗುತ್ತಿಗೆಯವರೆಗೆ ಕೂದಲು ಚರ್ಮದ ಸಮೇತ ಬಂದಿತ್ತು. ಕಾಕು ಕೂಗಲಿಲ್ಲ. ಕಿರುಚುತ್ತಿದ್ದವಳು ನಾನು.

ಅವಳು ಬದುಕಿದಳು. ಪುಣೆಯ ಆಸ್ಪತ್ರೆಯಲ್ಲಿ ತೊಡೆಯ ಚರ್ಮ ತೆಗೆದು ತಲೆಗೆ ಹಚ್ಚಿದರು. ದೀಪಾವಳಿ ಅಲ್ಲೇ ಕಳೆಯಿತು. ಅಜ್ಜಿ ಆಮೇಲೆ ಯಾರಿಗೂ, ಯಾವುದಕ್ಕೂ ಬೇಡ ಅನ್ನಲಿಲ್ಲ. ಹೊಲ ಮಾರಿದರು. ಅಲ್ಲೀಗ ಸಾಲು ಮನೆಗಳು; ಆ ಬಾವಿ ಎಲ್ಲಿತ್ತೆಂದು ಗುರುತಿಸಲೂ ನನಗೆ ಆಗಲಿಲ್ಲ. ಹೊಲ ಹೋದದ್ದಕ್ಕೆ ನನಗೆ ದುಃಖವಿಲ್ಲ.

ಕಾಕು ನಮ್ಮ ಮನೆಗೆ ಈಗಲೂ ಬರುತ್ತಾಳೆ, ತಲೆ ತುಂಬ ಸೆರಗು ಹೊದ್ದು. ನನ್ನ ಮಕ್ಕಳನ್ನು ಮುದ್ದಿಸುತ್ತಾಳೆ, ನಗುತ್ತಾಳೆ. ಬುಧವಾರದ ಮಾತನ್ನು ಅವಳು ಒಮ್ಮೆಯೂ ಎತ್ತಿಲ್ಲ, ನಾನೂ ಎತ್ತಿಲ್ಲ. ಮೊದಲು ದಿನಕ್ಕೆ ಇಪ್ಪತ್ತು ಸಲ "ಇದನ್ನ ಕೊಡವಾ, ಅದನ್ನ ತಾರವಾ" ಎಂದು ಕರೆಯುತ್ತಿದ್ದವಳು ಅವಳು. ಈಗ ಬಾಯಾರಿದರೆ ಮಂಡಿ ಹಿಡಿದುಕೊಂಡು ತಾನೇ ಏಳುತ್ತಾಳೆ. ಇಷ್ಟು ವರ್ಷಗಳಲ್ಲಿ ಅವಳು ನನ್ನಿಂದ ಒಂದು ಲೋಟ ನೀರನ್ನೂ ಕೇಳಿಲ್ಲ.