ಬೋಲ್ಟಣ್ಣನ ಮರದ ಗೂಟ

ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರಲ್ಲಿ ಕೊನೆಯವರೂ ನಿನ್ನೆ ಹೊರಟರು. ಇಂದು ಶನಿವಾರ. ಬೆಳಿಗ್ಗೆ ಐದೂವರೆಗೆ ಅವರು ಇಟ್ಟಿದ್ದ ಅಲಾರಂ ಎಂದಿನಂತೆ ಹೊಡೆದುಕೊಂಡಿತು. ಪ್ರತಿ ಶನಿವಾರ ಆರಕ್ಕೆ ಅವರು ಮೆಕ್ಯಾನಿಕ್ ಬೋಲ್ಟಣ್ಣನ ಶೆಡ್ಡಿನಲ್ಲಿರುತ್ತಿದ್ದರು. ಬೋಲ್ಟಣ್ಣನ ಬಗ್ಗೆ ಪತ್ರಿಕೆಗೆ ಬರೆಯುವ ಈ ಲೇಖನಕ್ಕಾಗಿ ನಾನೂ ಇದೇ ಶನಿವಾರ ಬರುತ್ತೇನೆಂದು ತಿಂಗಳ ಹಿಂದೆಯೇ ಹೇಳಿಯಾಗಿತ್ತು. ನೋಟ್‌ಬುಕ್ ತೆಗೆದುಕೊಂಡು ಹೊರಟೆ.

ಶೆಡ್ಡಿನ ಶಟರ್ ಅರ್ಧ ಎತ್ತಿದೆ. ಬಗ್ಗಿ ಒಳಗೆ ಹೋದರೆ ಸೀಮೆಎಣ್ಣೆಯ ವಾಸನೆ, ಒಂದೇ ಒಂದು ಬಲ್ಬು. ಸ್ಟ್ಯಾಂಡಿನ ಮೇಲೆ ಎಂಜಿನ್ ಕೂತಿದೆ. ಗೇರ್‌ಬಾಕ್ಸ್ ಸರಪಳಿಯಲ್ಲಿ ತೂಗುತ್ತಿದೆ. ಬೋಲ್ಟಣ್ಣ ಅದನ್ನು ತಬ್ಬಿಕೊಂಡು ಎಂಜಿನ್ನಿಗೆ ಒತ್ತುತ್ತಿದ್ದಾರೆ. ಇನ್ನು ಒಂದು ಬೆರಳಿನಷ್ಟು ದೂರ ಇರುವಾಗ ಅದು ನಿಲ್ಲುತ್ತದೆ. ಹಿಂದಕ್ಕೆ ಎಳೆಯುತ್ತಾರೆ, ಅಲುಗಿಸುತ್ತಾರೆ, ಮತ್ತೆ ಒತ್ತುತ್ತಾರೆ. ಮತ್ತೆ ಅದೇ ಒಂದು ಬೆರಳು.

"ಮುನಿಸ್ಕೊಂಡಿದೆ," ಎನ್ನುತ್ತಾರೆ ನನ್ನನ್ನು ಕಂಡು. "ಬನ್ನಿ ಅಮ್ಮ, ಕೂತ್ಕೊಳಿ. ಆ ಸ್ಟೂಲ್ ಬೇಡ, ಗ್ರೀಸಿದೆ. ಈ ಸ್ಟೂಲಲ್ಲೂ ಗ್ರೀಸೇ, ಆದ್ರೆ ಒಣಗಿದೆ."

ಅವರಿಗೆ ಅರವತ್ಮೂರು ವರ್ಷ. ಅದರಲ್ಲಿ ನಲವತ್ತೊಂದು ವರ್ಷ ಎಂಜಿನ್ ಬಿಚ್ಚಿ ಕಟ್ಟುವುದರಲ್ಲೇ ಕಳೆದಿವೆ. ಕೆಲಸ ಮುಗಿದ ಮೇಲೆ ಅವರ ಮೇಜಿನ ಮೇಲೆ ಒಂದು ಬೋಲ್ಟೂ ಉಳಿಯುವುದಿಲ್ಲ, ಅದಕ್ಕೇ ಈ ಹೆಸರು. ಹೆಸರಿನ ಅರ್ಧ ಪಾಲು ಅವರ ಹೆಂಡತಿಗೆ ಸೇರಬೇಕು. ಬಿಚ್ಚಿದ ಪ್ರತಿ ಬೋಲ್ಟನ್ನೂ ತೊಳೆದು, ಒರೆಸಿ, ಮೊಟ್ಟೆಯ ಟ್ರೇಗಳಲ್ಲಿ ಸಾಲಾಗಿ ಕೂರಿಸುವವರು ಆಕೆ, ನಮ್ಮೆಲ್ಲರ ಅಕ್ಕ. ಈ ಎಂಜಿನ್ನಿಗೆ ಒಂಬತ್ತು ಟ್ರೇ ಹಿಡಿದಿವೆ.

"ಬಿಚ್ಚೋದು ಇವರಿಗೆ ಗೊತ್ತು," ಎನ್ನುತ್ತಾರೆ ಅಕ್ಕ. "ಎಲ್ಲಿಂದ ಬಿಚ್ಚಿದ್ದು ಅನ್ನೋದು ನನಗೆ ಗೊತ್ತು."

"ಅದಕ್ಕೇ ನಲವತ್ತು ವರ್ಷ ಸಹಿಸ್ಕೊಂಡಿದೀನಿ," ಎನ್ನುತ್ತಾರೆ ಬೋಲ್ಟಣ್ಣ.

"ಯಾರು ಯಾರನ್ನ ಅಂತ ಬರೆಯೋರೇ ಬರ್ಕೊಳ್ಳಲಿ ಬಿಡಿ."

ಬೋಲ್ಟಣ್ಣ ಮೊದಲು ದೊಡ್ಡ ಗ್ಯಾರೇಜೊಂದರಲ್ಲಿದ್ದರು. ನಲವತ್ತೈದಾಗುವ ಹೊತ್ತಿಗೆ ಅಲ್ಲಿ ಕೆಲಸ ಹೋಯಿತು. "ಕಂಪ್ಯೂಟರ್ ಹಚ್ಚಿ ನೋಡೋರು ಬಂದ್ರು. ಕಿವಿ ಹಚ್ಚಿ ನೋಡೋನು ಬೇಡ ಅಂದ್ರು," ಎಂದು ನಗುತ್ತಾರೆ. ಎರಡು ವರ್ಷ ನೀರಿನ ಪಂಪು ರಿಪೇರಿ ಮಾಡಿದರು. ಒಂದು ಸಲ ಬಲಗೈಯ ತೋರುಬೆರಳು ಜಜ್ಜಿಹೋಗಿ, ಉಗುರು ಮತ್ತೆ ಬರಲೇ ಇಲ್ಲ. ಆಮೇಲೆ ಕಿಟ್ ಕಾರಿನ ಹುಚ್ಚಿನವರು ಅವರನ್ನು ಹುಡುಕಿಕೊಂಡು ಬಂದರು.

ಕಿಟ್ ಕಾರು ಪೆಟ್ಟಿಗೆಗಳಲ್ಲಿ ಬರುತ್ತದೆ. ಚೌಕಟ್ಟು, ಬಾಗಿಲು, ಸೀಟು ಎಲ್ಲ ಬಿಡಿ ಬಿಡಿ. ಕೊಂಡವರು ಮನೆಯಲ್ಲೇ ಜೋಡಿಸಿಕೊಳ್ಳಬೇಕು. ಎಂಜಿನ್, ಗೇರ್‌ಬಾಕ್ಸ್ ಮಾತ್ರ ಹಳೆಯ ಕಾರಿನವು. ಅವು ಚೌಕಟ್ಟಿನೊಳಗೆ ಕೂತವೆಂದರೆ ಮತ್ತೆ ಕೈ ಹೋಗುವಷ್ಟು ಜಾಗ ಇರುವುದಿಲ್ಲ. ಹಾಗಾಗಿ ಕೂರಿಸುವ ಮೊದಲೇ ಸೋರುವ ಸೀಲು, ಸವೆದ ಬೆಲ್ಟು, ನೀರಿನ ಪಂಪು, ಕ್ಲಚ್ಚು ಎಲ್ಲ ಬದಲಾಗಬೇಕು. ಗೇರ್‌ಬಾಕ್ಸಿನ ಹಳೆಯ ಎಣ್ಣೆಯನ್ನು ಬೋಲ್ಟಣ್ಣ ಬಿಳಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ಬಿಸಿಲಿಗೆ ಹಿಡಿಯುತ್ತಾರೆ. "ಕಬ್ಬಿಣದ ಪುಡಿ ಕಂಡ್ರೆ ವಯಸ್ಸು. ಚೂರು ಕಂಡ್ರೆ ಕಾಯಿಲೆ." ಇದುವರೆಗೆ ನೂರ ಹನ್ನೆರಡು ಜೋಡಿ ಎಂಜಿನ್, ಗೇರ್‌ಬಾಕ್ಸ್ ಈ ಶೆಡ್ಡಿನಿಂದ ಹೊರಗೆ ಹೋಗಿವೆ. ಈಗ ಸ್ಟ್ಯಾಂಡಿನ ಮೇಲಿರುವುದು ನೂರ ಹದಿಮೂರನೆಯದು. ನನ್ನ ಗಂಡ ಗುಜರಿಯಿಂದ ತಂದದ್ದು. ಅದು ಸೇರಬೇಕಾದ ಎರಡು ಸೀಟಿನ ಕಾರು ನಮ್ಮ ಹಿತ್ತಲಲ್ಲಿ ಬಾನೆಟ್ ಇಲ್ಲದೆ ನಿಂತಿದೆ.

"ಇದು ಯಾಕೆ ಕೂರ್ತಿಲ್ಲ?" ಎಂದು ಕೇಳುತ್ತೇನೆ.

ಕ್ಲಚ್ಚಿನ ತಟ್ಟೆ ಸರಿಯಾಗಿ ನಡುವಿಗೆ ಇರಬೇಕು, ಗೇರ್‌ಬಾಕ್ಸಿನ ದಂಡ ಅದರ ತೂತಿನೊಳಗೆ ಹಾದುಹೋಗುತ್ತದೆ, ಕೂದಲೆಳೆಯಷ್ಟು ಸರಿದಿದ್ದರೂ ಒಳಗೆ ಬಿಡುವುದಿಲ್ಲ ಎಂದು ವಿವರಿಸುತ್ತಾರೆ. ಆಮೇಲೆ ದನಿ ತಗ್ಗಿಸುತ್ತಾರೆ. "ಈ ವಾರದಲ್ಲಿ ಇದು ನಾಲ್ಕನೇ ಸಲ. ಮೊದಲೆಲ್ಲ ಕಣ್ಣಳತೇಲೇ ಕೂರಿಸ್ತಿದ್ದೆ. ಕಣ್ಣು ಹೋಯ್ತು ಅಮ್ಮ. ಕಣ್ಣಿಲ್ಲದೆ ಇನ್ನೊಬ್ಬರ ಎಂಜಿನ್ ಮುಟ್ಟಬಾರದು. ಇವತ್ತು ಕೂತ್ರೆ ಸರಿ. ಇಲ್ದಿದ್ರೆ ಸೋಮವಾರದಿಂದ ಶಟರ್ ಎತ್ತಲ್ಲ. ಬರೆಯೋದಾದ್ರೆ ಬೇಗ ಬರೀರಿ."

ಚಹಾದ ಫ್ಲಾಸ್ಕ್ ಹಿಡಿದು ಹೊರಗೆ ಹೋಗುತ್ತಾರೆ. ಅವರು ಬೀದಿ ತಿರುಗಿದ ಮೇಲೆ ಅಕ್ಕ ಟ್ರೇ ಪಕ್ಕಕ್ಕಿಡುತ್ತಾರೆ.

"ಕಣ್ಣಿಗೇನೂ ಆಗಿಲ್ಲ. ಹೋದ ತಿಂಗಳು ಡಾಕ್ಟರೇ ಹೇಳಿದಾರೆ. ತಟ್ಟೆ ನಡುವಿಗೆ ಹಿಡಿಯೋಕೆ ಒಂದು ಮರದ ಗೂಟ ಇದೆ, ಇವರೇ ಕಡೆದದ್ದು. ಹದಿನೈದು ವರ್ಷದಿಂದ ಅದಿಲ್ದೆ ಒಂದನ್ನೂ ಕೂರಿಸಿಲ್ಲ. ಅದು ಈಗ ಇಲ್ಲಿಲ್ಲ."

"ಇನ್ನೊಂದು ಕಡೆಯೋದು ಕಷ್ಟವೇ ಅಕ್ಕ?"

"ಅರ್ಧ ದಿನದ ಕೆಲಸ. ಮಾಡಿ ಅಂದ್ರೆ ಮಾಡಲ್ಲ." ಅಕ್ಕ ಗೋಡೆ ತೋರಿಸುತ್ತಾರೆ. ಅಲ್ಲಿ ಸಾಲು ಮೊಳೆಗಳು, ಮೊಳೆಗೊಂದು ಸ್ಪ್ಯಾನರ್ರು, ಇಕ್ಕಳ, ಸುತ್ತಿಗೆ. ಯಾರಾದರೂ ಸಾಮಾನು ಒಯ್ದರೆ ಅದರ ಮೊಳೆಗೆ ಚೀಟಿ ಸಿಕ್ಕಿಸಿ ಹೋಗಬೇಕು. ಅದು ಈ ಶೆಡ್ಡಿನ ನಿಯಮ. ಮೂರನೆಯ ಸಾಲಿನ ಕೊನೆಯ ಮೊಳೆಯಲ್ಲಿ ಒಂದು ಚೀಟಿಯಿದೆ. ನನ್ನ ಗಂಡನ ಅಕ್ಷರ ಗುರುತು ಹಿಡಿಯಲು ಹತ್ತಿರ ಹೋಗಬೇಕಾಗಲಿಲ್ಲ. ಹೀಗೆ ಬರೆದಿದೆ:

"ಗೂಟ ನನ್ನ ಹತ್ರ ಇದೆ. ಮನೆಯಲ್ಲಿ ಹಳೇ ಕ್ಲಚ್ಚಿಗೆ ಹಾಕಿ ಕಲೀತೀನಿ. ಶನಿವಾರ ತರ್ತೀನಿ."

"ಈ ದುಃಖದಲ್ಲಿ ನಿಮ್ಮನ್ನ ಕೇಳಬಾರದು ಅಂತ ನನಗೆ ಆಣೆ ಬೇರೆ," ಎನ್ನುತ್ತಾರೆ ಅಕ್ಕ. "ಈಗ ಕೇಳಿದೀನಾ? ಇಲ್ಲ ತಾನೆ?"

"ಇಲ್ಲ. ನೋಡೋಕೆ ಹೇಗಿರುತ್ತೆ?"

"ಒಂದು ಗೇಣುದ್ದ. ತುದಿಗೆ ಬರ್ತಾ ಬರ್ತಾ ಸಣ್ಣ. ಹಿಂದುಗಡೆ ಕೆಂಪು ಬಣ್ಣ."

ನಾನು ಬರೆಯುವುದನ್ನು ನಿಲ್ಲಿಸುತ್ತೇನೆ. ಹದಿನೈದು ದಿನಗಳಿಂದ ನಮ್ಮ ಅಡುಗೆಮನೆಯ ಕಿಟಕಿ ಬಡಿದುಕೊಳ್ಳದಂತೆ ನಾನು ಸಿಕ್ಕಿಸಿರುವುದು ಅದನ್ನೇ. ಗಂಡನ ಹಳೇ ಸಾಮಾನಿನ ನಡುವೆ ಬಿದ್ದಿತ್ತು. ಯಾವುದೋ ಕುರ್ಚಿಯ ಕಾಲು ಎಂದುಕೊಂಡಿದ್ದೆ.

ಮನೆಗೆ ಸ್ಕೂಟರಿನಲ್ಲಿ ಹತ್ತು ನಿಮಿಷ. ಗೂಟ ಎಳೆದೊಡನೆ ಕಿಟಕಿ ದಡಾರನೆ ಮುಚ್ಚಿಕೊಳ್ಳುತ್ತದೆ. ಚಿಲಕ ಹಾಕಿ, ಗೂಟವನ್ನು ಸೆರಗಿನಲ್ಲಿ ಒರೆಸಿ, ವಾಪಸು ಹೊರಡುತ್ತೇನೆ.

ಶೆಡ್ಡಿನಲ್ಲಿ ಚಹಾ ಆರುತ್ತಿದೆ. ಗೂಟವನ್ನು ಬೋಲ್ಟಣ್ಣನ ಕೈಗೆ ಕೊಡುತ್ತೇನೆ. ಅವರು ಮೊದಲು ಹೆಂಡತಿಯ ಕಡೆ ನೋಡುತ್ತಾರೆ.

"ನಾನೇನೂ ಕೇಳಿಲ್ಲ," ಎನ್ನುತ್ತಾರೆ ಅಕ್ಕ, ಟ್ರೇಯಿಂದ ತಲೆ ಎತ್ತದೆ.

ಬೋಲ್ಟಣ್ಣ ಗೂಟವನ್ನು ಮೂಗಿಗೆ ಹಿಡಿಯುತ್ತಾರೆ. "ಈರುಳ್ಳಿ ವಾಸನೆ ಬರ್ತಿದೆ."

ಕ್ಲಚ್ಚಿನ ಬೋಲ್ಟುಗಳನ್ನು ಸಡಿಲಿಸಿ, ಗೂಟ ತೂರಿಸಿ, ಒಂದು ಬಿಟ್ಟು ಒಂದರಂತೆ ಬಿಗಿಯುತ್ತಾರೆ. ಗೂಟ ಹೊರತೆಗೆದು ಗೇರ್‌ಬಾಕ್ಸನ್ನು ತಬ್ಬಿ ಒತ್ತುತ್ತಾರೆ. ಬೆರಳಿನಷ್ಟು ದೂರದಲ್ಲಿ ಅದು ಒಂದು ಕ್ಷಣ ನಿಂತು, ಠಪ್ ಎಂದು ಕೂರುತ್ತದೆ. ಅವರು ಅದರ ಮೇಲೆ ಕೆನ್ನೆಯಿಡುತ್ತಾರೆ.

"ಸೋಮವಾರ ಶಟರ್ ಎತ್ತುತ್ತಾರೆ ಅಂತ ಬರ್ಕೊಳಿ," ಎನ್ನುತ್ತಾರೆ ಅಕ್ಕ.

ನಿಮಗೇನಾದರೂ ಆಸೆ ಉಳಿದಿದೆಯೇ ಎಂದು ಬೋಲ್ಟಣ್ಣನನ್ನು ಕೇಳುತ್ತೇನೆ. ಇಂಥ ಲೇಖನಗಳಲ್ಲಿ ಕೇಳಲೇಬೇಕಾದ ಪ್ರಶ್ನೆ. ಅವರು ಕೈ ಒರೆಸಿಕೊಳ್ಳುತ್ತಾ ಯೋಚಿಸುತ್ತಾರೆ. "ನೂರ ಹನ್ನೆರಡು ಹೋದ್ವು. ಒಂದರಲ್ಲೂ ಕೂತಿಲ್ಲ. ಇದು ಓಡೋ ದಿನ ಪಕ್ಕದ ಸೀಟಲ್ಲಿ ಕೂತು ಒಂದು ಸುತ್ತು ಬರ್ಬೇಕು."

"ಇರೋದು ಎರಡೇ ಸೀಟು. ನಾನು?" ಎನ್ನುತ್ತಾರೆ ಅಕ್ಕ.

"ನೀನು ಎರಡನೇ ಸುತ್ತು."

ಓಡಿಸುವವರು ಯಾರು ಎಂದು ಇಬ್ಬರೂ ಕೇಳುವುದಿಲ್ಲ. ನಾನು ಕಾರು ಓಡಿಸಲು ಇನ್ನೂ ಕಲಿಯಬೇಕು.

ಬೋಲ್ಟಣ್ಣ ಗೂಟವನ್ನು ಅದರ ಮೊಳೆಗೆ ತೂಗುಹಾಕುತ್ತಾರೆ. ಚೀಟಿಯನ್ನು ಬಿಡಿಸಿ, ಎಣ್ಣೆ ತಾಗದಂತೆ ಎರಡೇ ಬೆರಳಲ್ಲಿ ಹಿಡಿದು ನನಗೆ ಕೊಡುತ್ತಾರೆ.

"ಶನಿವಾರ ತರ್ತೀನಿ ಅಂದಿದ್ರು," ಎನ್ನುತ್ತಾರೆ. "ಶನಿವಾರವೇ ಬಂತು."