ಹಿಂದಿನ ಸೀಟಿನ ಎಡಗಡೆ

ಜನವರಿಯ ಒಂದು ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಚಿಕ್ಕೋಡಿ ಬಿಟ್ಟೆ. ಬಿಡುವ ಮೊದಲು ನಾಲ್ಕೂ ಗಾಲಿಗಳನ್ನು ಒದ್ದು ನೋಡಿದೆ, ಪೆಟ್ರೋಲ್ ಮುಚ್ಚಳವನ್ನು ಮೂರು ಸಲ ತಿರುವಿದೆ. ಬಸ್ ನಿಲ್ದಾಣದವರೆಗೆ ಹೋದ ಮೇಲೆ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮನೆಗೆ ತಿರುಗಿ ಬಂದೆ. ಬಂದ್ ಮಾಡಿದ್ದೆ. ಐವತ್ಮೂರು ವರ್ಷಗಳಲ್ಲಿ ನನ್ನ ಯಾವ ಪ್ರಯಾಣವೂ ಒಂದೇ ಸಲಕ್ಕೆ ಹೊರಟದ್ದಿಲ್ಲ.

ಗಾಡಿ ನನ್ನದಲ್ಲ, ಕಾಗವಾಡದ ಮಾಮಾನವರದು, ಅಂದರೆ ನನ್ನ ಅಕ್ಕನ ಗಂಡನದು. ಇಪ್ಪತ್ತು ವರ್ಷದ ಹಿಂದೆ ವೇಗಕ್ಕೆ ಹೆಸರಾಗಿದ್ದ ಕೆಂಪು ಕಾರು. ಅವರಿಗೆ ವೇಗದ ಗಾಡಿಯ ಹುಚ್ಚಿತ್ತು, ಸ್ಟೇರಿಂಗ್ ಹಿಡಿಯುವ ಧೈರ್ಯವಿರಲಿಲ್ಲ. ಭಾನುವಾರಗಳಂದು ನನ್ನ ಕೈಯಿಂದ ಓಡಿಸುತ್ತಿದ್ದರು. ತಾವು ಹಿಂದಿನ ಸೀಟಿನ ಎಡಗಡೆ ತುಂಬಿ ಕುಳಿತು, ಮುಳ್ಳು ನಲವತ್ತು ದಾಟಿದರೆ ನನ್ನ ಭುಜ ತಟ್ಟುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಗಾಡಿ ನನ್ನ ಮನೆಗೆ ಬಂತು.

ಅಕ್ಕನ ಬಲಗಣ್ಣಿನ ಪೊರೆ ಬಲಿತಿತ್ತು. ಸೋಮವಾರ ಚಿಕ್ಕೋಡಿಯಲ್ಲಿ ಆಪರೇಶನ್. ಇನ್ನೂ ಮುಂದೂಡಿದರೆ ಕಣ್ಣಿನ ಆಸೆ ಬಿಡಬೇಕು ಎಂದು ಡಾಕ್ಟರು ಹೇಳಿದ್ದರು. ಅದಾಗಲೇ ಎರಡು ಸಲ ದಿನ ತಪ್ಪಿಸಿದ್ದಳು. ಎರಡೂ ಸಲ ಚೀಲ ಹಿಡಿದು ಗಾಡಿಯ ತನಕ ಬಂದವಳು ಹಿಂದೆ ಸರಿದಿದ್ದಳು.

“ಅವರು ಇನ್ನಾ ಒಳಗ ಕುಂತಾರ, ತಮ್ಮಾ. ಅವರು ಇಳೀಲಾರ್ದ ನಾ ಹೆಂಗ ಏರ್ಲಿ?”

“ಬ್ಯಾರೆ ಗಾಡಿ ತರ್ತೀನಿ ಬಿಡು.”

“ನಮ್ಮ ಗಾಡಿ ಇರಬೇಕಾದ್ರ ಮಂದಿ ಗಾಡಿ ಯಾಕ?”

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಇದಕ್ಕೂ ಒಂದು ಉತ್ತರ ಇರಲೇಬೇಕೆಂದು ಕೂತು ಯೋಚಿಸಿದೆ. ಗಾಡಿಯ ಹಿಂಭಾಗ ಸಡಿಲಾಗಿತ್ತು. ಹಂಪ್ ದಾಟಿದ ಮೇಲೂ ಎರಡು ಸಲ ಕುಣಿಯುತ್ತಿತ್ತು. ತಿರುವಿನಲ್ಲಿ ಯಾರೋ ಸೀಟಿನ ಮೇಲೆ ಸರಿದು ಕೂತ ಹಾಗೆ ಭಾರ ಹೊರಳುತ್ತಿತ್ತು. ಅಕ್ಕನನ್ನು ಹೆದರಿಸಿದ್ದು ಅದೇ ಇರಬೇಕು. ಹಿಂದೆ ಹೊಸ ಸ್ಪ್ರಿಂಗು, ಗ್ಯಾಸ್ ತುಂಬಿದ ಹೊಸ ಶಾಕ್‌ಅಬ್ಸಾರ್ಬರ್ ಹಾಕಿಸಿದರೆ ಗಾಡಿಯೂ ಗಟ್ಟಿ, ಅಕ್ಕನೂ ಗಟ್ಟಿ. ಹೀಗೆ ಹೊರಟೆ.

ಮೊದಲು ನಿಪ್ಪಾಣಿ, ಸುಮಾರು ಇಪ್ಪತ್ತೈದು ಕಿಲೋಮೀಟರ್. ಊರಿನ ಒಳಗೆ ಹೋಗುತ್ತಿದ್ದ ಹಾಗೆ ತಂಬಾಕಿನ ಘಾಟು ಮೂಗಿಗೆ ಹತ್ತಿ ಸೀನು ಬಂತು. ಹೆದ್ದಾರಿಯ ಮಗ್ಗುಲಿನ ಬಿಡಿಭಾಗದ ಅಂಗಡಿಯವರು ನಾನು ಫೋನಿನಲ್ಲಿ ಹೇಳಿಟ್ಟ ಸಾಮಾನು ತೆಗೆದಿಟ್ಟಿದ್ದರು. “ಯಾ ಯಾ, ಬರ್ರಿ ಸರ್, ಬಸಾ,” ಎಂದು ಮರಾಠಿ ಬೆರೆಸಿ ಕರೆದು, ಕೂರಲು ಕುರ್ಚಿ ಎಳೆದು ಎರಡು ಚಹಾ ಹೇಳಿದರು.

“ನಿಮಗೂ ಏನ್ರಿ?”

“ನಂದ ಈಗ ಆತ್ರಿ. ಹಿಂದ ಕುಂತಾರಲ್ರಿ ಸಾಹೇಬ್ರು, ಅವರಿಗಿ. ಇಳ್ಯಾಂಗಿಲ್ಲೇನ್ ಅವರು?”

ಎದ್ದು ಹೋಗಿ ನೋಡಿದೆ. ಹಿಂದಿನ ಸೀಟಿನ ಮೇಲೆ ನನ್ನ ಬೂದು ಸ್ವೆಟರ್ ಬಿದ್ದಿತ್ತು. ಅದನ್ನು ಡಿಕ್ಕಿಗೆ ಹಾಕಿ ಬಂದೆ. ಎರಡೂ ಚಹಾ ನಾನೇ ಕುಡಿದೆ, ಆಮೇಲೆ ಅಸಿಡಿಟಿ ಆಗುವುದೋ ಎಂದು ಚಿಕ್ಕೋಡಿ ದಾಟುವವರೆಗೆ ಹೊಟ್ಟೆ ಒತ್ತಿ ನೋಡಿಕೊಳ್ಳುತ್ತಿದ್ದೆ.

ಕಬ್ಬಿನ ಹಂಗಾಮು. ಕರೋಶಿಯ ಆಚೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ರಸ್ತೆ ತುಂಬ ಸಾಗಿದ್ದವು. ಒಂದನ್ನು ದಾಟಬೇಕೆಂದು ಎಕ್ಸಲರೇಟರ್ ತುಳಿದಾಗ ಹಿಂದೆ ಭಾರ ಎಡದಿಂದ ನಡುವಿಗೆ ಸರಿಯಿತು. ದಾಟಿದ ಮೇಲೆ ಮತ್ತೆ ಎಡಕ್ಕೆ ಹೋಯಿತು. ಎದುರಿಗೆ ಲಾರಿ ಬರುತ್ತದೋ ಎಂದು ಮಾಮಾ ಇಣುಕಿ ನೋಡುತ್ತಿದ್ದುದು ಹೀಗೆಯೇ. ಸವೆದ ರಬ್ಬರಿನ ಬುಶ್ಶು, ಹಳೇ ಬುಶ್ಶು ಎಂದು ನಾನು ಗಟ್ಟಿಯಾಗಿ ಹೇಳಿಕೊಂಡೆ.

ರಾಯಬಾಗ ತಲುಪಿದಾಗ ಎರಡು ಗಂಟೆ. ಸ್ಪ್ರಿಂಗಿನ ಕೆಲಸಕ್ಕೆ ಹೆಸರಾದ ಭೂಪಾಲ ಮಿಸ್ತ್ರಿಯ ಶೆಡ್ಡು ಅವರ ಮನೆಯ ಅಂಗಳದಲ್ಲೇ ಇದೆ. ಅರವತ್ತರ ಆಸುಪಾಸಿನ ಮನುಷ್ಯ. ಅವರ ಕೆಲಸದ ರೀತಿ ಬೇರೆ. ಗಾಡಿ ಬಂದ ಕೂಡಲೇ ಪಾನಾ ಹಿಡಿದು ನಟ್ಟು ಬಿಚ್ಚುವುದಿಲ್ಲ. ಯಾರು ಎಲ್ಲಿ ಕೂಡುತ್ತಾರೆ ಎಂದು ಮನೆಮಂದಿಯನ್ನೆಲ್ಲ ಕೇಳುತ್ತಾರೆ. ಹತ್ತು ಕಿಲೋದ ಬೆಲ್ಲದ ಅಚ್ಚುಗಳನ್ನು, ಇಲ್ಲಿಯವರ ಪೆಂಟಿಗಳನ್ನು, ಆಯಾ ಜಾಗದಲ್ಲಿ ಇಟ್ಟು, ಗಾಡಿ ಸಮ ನಿಲ್ಲುವ ಹಾಗೆ ಸ್ಪ್ರಿಂಗಿನ ಕೆಳಗೆ ರಬ್ಬರಿನ ಬಿಲ್ಲೆ ಕೊಟ್ಟು ಕೂರಿಸುತ್ತಾರೆ. ಈ ಭಾಗದ ದಪ್ಪ ಸಾವುಕಾರರ ತೂಕ ಅವರಿಗೆ ಪೆಂಟಿಗಳಲ್ಲಿ ಬಾಯಿಪಾಠ.

ಮಿಸ್ತ್ರಿ ಗಾಡಿಯ ಕೆಳಗೆ ಬಗ್ಗಿ ನೋಡಿದವರು ಹಾಗೇ ಉಳಿದರು.

“ಸರ್, ಇದು ನಂದ ಕೈಕೆಲಸ. ಎಡಕ್ಕ ದಪ್ಪ ಬಿಲ್ಲೆ ಕೊಟ್ಟೀನಿ. ಕಾಗವಾಡದವರು, ಹನ್ನೊಂದು ಪೆಂಟಿ.”

“ಹೌದ್ರಿ. ನಮ್ಮ ಮಾಮಾ. ತೀರ್ಕೊಂಡ್ರು.”

ಅವರು ಎದ್ದು ಹಿಂದೆ ನಿಂತು ಗಾಲಿಯ ಮೇಲಿನ ಸಂದಿಗೆ ಬೆರಳು ಹಿಡಿದರು. ಬಲಕ್ಕೆ ನಾಲ್ಕು ಬೆರಳು, ಎಡಕ್ಕೂ ನಾಲ್ಕು.

“ಹನ್ನೊಂದು ಪೆಂಟಿ ಇಳದಮ್ಯಾಲ ಎಡಕ್ಕ ಏಳು ಬೆರಳು ಆಗಬೇಕ್ರಿ. ಖಾಲಿ ಗಾಡಿ ಸಮ ನಿಲ್ಲಬಾರ್ದು.”

“ಸ್ಪ್ರಿಂಗ್ ದಣದಿರಬೇಕು.”

“ದಣದ್ರ ಎರಡೂ ದಣೀತಾವ್ರಿ,” ಎಂದು ಮಿಸ್ತ್ರಿ ಜಾಕ್ ಎತ್ತಿದರು.

ಐದು ಗಂಟೆಗೆ ಹಳೆಯ ಸ್ಪ್ರಿಂಗುಗಳು ಹೊರಗೆ ಬಂದವು. ಬಲಗಡೆಯದು ಬಿಚ್ಚಿದ ಕೂಡಲೇ ಟಣ್ಣೆಂದು ಜಿಗಿದು ಉದ್ದವಾಯಿತು. ಎಡಗಡೆಯದು ಜಿಗಿಯಲಿಲ್ಲ. ಕಲ್ಲಿನ ಮೇಲೆ ಇಟ್ಟರೂ ಕುಗ್ಗಿಕೊಂಡೇ ಇತ್ತು, ಮೇಲೆ ಏನೋ ಹೇರಿದ ಹಾಗೆ. ಮಿಸ್ತ್ರಿ ಅದರ ಮೇಲೆ ಕೈಯಾಡಿಸಿ ನೋಡಿ ಕೈ ಒರೆಸಿಕೊಂಡರು.

ಅಷ್ಟರಲ್ಲಿ ಮಿಸ್ತ್ರಿಯ ತಾಯಿ ಒಳಗಿನಿಂದ ಮೂರು ತಾಟು ತಂದರು. ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಮೊಸರು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಬಂದವರನ್ನು ಉಪವಾಸ ಕೂಡಿಸುವುದೂ ಇಲ್ಲ. ನಾನೂ ಜೈನನೇ, ಆದರೆ ರಾತ್ರಿ ಹತ್ತಕ್ಕೆ ಖಾರದ ಚುರುಮುರಿ ಭಡಂಗ ತಿನ್ನುವ ಜಾತಿಯವನು.

“ಮಗಾ, ನೀ ಉಣ್ಣು. ಆ ಹಿರ್ಯಾರಿಗೂ ಬಾ ಅನ್ನು. ಹೊತ್ತ ಮುಳಗಾಕ ಬಂತು.”

“ಯಾವ ಹಿರ್ಯಾರಬೇ ಅವ್ವಾ?” ಮಿಸ್ತ್ರಿ ಕೇಳಿದರು.

“ಮಧ್ಯಾಹ್ನದಿಂದ ಗಾಡ್ಯಾಗ ಕುಂತಾರಲ್ಲೋ! ಕೆಲಸ ಮಾಡೂದ್ರಾಗ ಮನಷ್ಯಾರನ್ನ ನೋಡೂದ ಬಿಟ್ಟಿ ನೀ.” ಮೂರನೆಯ ತಾಟನ್ನು ಆ ಸ್ಪ್ರಿಂಗಿನ ಪಕ್ಕ ಕಲ್ಲಿನ ಮೇಲೆ ಇಟ್ಟು ಒಳಗೆ ಹೋದರು. ಅವರಿಗೆ ಕಣ್ಣು ಮಂಜು ಎಂದು ಮಿಸ್ತ್ರಿ ನನಗೆ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಾವಿಬ್ಬರೂ ಕಟ್ಟೆಯ ಮೇಲೆ ಉಂಡೆವು. ಕೈತೊಳೆದು ಬರುವಾಗ ಸೂರ್ಯ ಇನ್ನೂ ತೆಂಗಿನ ಗರಿಯ ಎತ್ತರಕ್ಕೆ ಇದ್ದ. ಕಲ್ಲಿನ ಮೇಲಿನ ತಾಟು ಖಾಲಿಯಾಗಿತ್ತು. ಅಂಗಳದಲ್ಲಿ ಒಂದು ನಾಯಿ ಇತ್ತು, ಅದರದೇ ಕೆಲಸ ಎಂದು ನಾನು ತೀರ್ಮಾನಿಸಿದೆ. ಚಟ್ನಿಯನ್ನೂ ಬಿಡದೆ, ರೊಟ್ಟಿಯ ಒಂದು ತುಣುಕೂ ಚೆಲ್ಲದೆ, ತಾಟಿಗೆ ನೀರು ಹಾಕಿ ತೊಳೆದು ಕುಡಿದ ಹಾಗೆ ಉಂಡ ನಾಯಿ. ಉಂಡ ತಾಟನ್ನು ತೊಳೆದು ಕುಡಿಯುವುದು ನಮ್ಮಲ್ಲಿ ನೇಮಸ್ಥರ ಪದ್ಧತಿ.

ಎಡಗಡೆಯ ಸ್ಪ್ರಿಂಗು ಎತ್ತರವಾಗಿತ್ತು. ಮಿಸ್ತ್ರಿ ಬಲಗಡೆಯದನ್ನು ತಂದು ಅದರ ಪಕ್ಕ ನಿಲ್ಲಿಸಿದರು. ಎರಡೂ ಸಮ.

“ಉಂಡ್ ಎದ್ರು ನೋಡ್ರಿ,” ಎಂದರು ಮೆಲ್ಲಗೆ. ನಗಲಿಲ್ಲ.

ಹೊಸ ಸ್ಪ್ರಿಂಗು ಕೂರಿಸುವ ಕೆಲಸ ಮರುದಿನ ಬೆಳಿಗ್ಗೆಗೆ ಉಳಿಯಿತು. ಲಾಡ್ಜಿನಲ್ಲಿ ಆರುನೂರು ರೂಪಾಯಿಯ ಕೋಣೆ, ಬಿಸಿನೀರು ಬಕೆಟ್ಟಿನಲ್ಲಿ. ಚಿಲಕ ಹಾಕಿದೆನೋ ಎಂದು ನಾಲ್ಕು ಸಲ ಎದ್ದದ್ದು ಬಿಟ್ಟರೆ ಹೇಳುವಂಥದ್ದೇನೂ ಆಗಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಗಾಡಿ ಸಿದ್ಧವಾಯಿತು. ಬಿಲ್ಲೆ ಬೇಡ, ಎರಡೂ ಕಡೆ ಒಂದೇ ಇರಲಿ ಎಂದಿದ್ದೆ. ಹಳೆಯ ಸಾಮಾನು ಒಯ್ಯುತ್ತೀರಾ ಎಂದು ಮಿಸ್ತ್ರಿ ಕೇಳಿದರು. ಬೇಡ ಎಂದೆ, ಸ್ವಲ್ಪ ಜೋರಾಗಿಯೇ.

ಗಾಲಿಗಳ ಅಲೈನ್‌ಮೆಂಟ್ ಮಾಡಿಸಲು ಅಥಣಿಗೆ ಹೋದೆ. ಆ ರಸ್ತೆಯಲ್ಲಿ ಗಾಡಿ ಗೆರೆ ಎಳೆದ ಹಾಗೆ ಓಡಿತು. ಹಂಪಿನಲ್ಲಿ ಒಂದೇ ಏಟು, ಕುಣಿತವಿಲ್ಲ. ತಿರುವಿನಲ್ಲಿ ಹಿಂದೆ ಏನೂ ಸರಿಯಲಿಲ್ಲ. ಐವತ್ತು ಮಾಡಿದೆ. ಅರವತ್ತು. ಎಂಬತ್ತಕ್ಕೆ ಹೋದೆ, ಭುಜ ಬಿಗಿ ಹಿಡಿದು. ಯಾರೂ ತಟ್ಟಲಿಲ್ಲ. ನಿನ್ನೆಯೆಲ್ಲ ಹಿಂದಿನ ಸೀಟಿನಲ್ಲಿ ಇದ್ದುದಕ್ಕೆ ಹೆದರಿದವನು ಈಗ ಇಲ್ಲದ್ದಕ್ಕೆ ಹೆದರಿ ರಸ್ತೆಯ ಬದಿಗೆ ನಿಲ್ಲಿಸಿ ನೀರು ಕುಡಿದೆ.

ಅಥಣಿಯ ಗ್ಯಾರೇಜಿನವನು ಕೇಳಿದ: “ಒಬ್ಬರ ಬಂದೀರೇನ್ರಿ?”

“ಹೌದ್ರಿ, ಒಬ್ಬನ,” ಎಂದೆ. ಆ ಪ್ರಯಾಣದಲ್ಲಿ ಮೊದಲ ಸಲ ಯಾರೋ ಹಾಗೆ ಕೇಳಿದ್ದರು.

ಕಾಗವಾಡಕ್ಕೆ ಹೋದಾಗ ಮೂರು ಗಂಟೆ. ಅಕ್ಕ ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ಮತ್ತೆ ಹಿಂದೆ ಸರಿದರೆ ಆ ಕಣ್ಣು ಹೋಯಿತು ಎಂದೇ ಲೆಕ್ಕ. ಹೊಸ ಸ್ಪ್ರಿಂಗಿನ ಗುಣಗಾನ ಮಾಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವಳು ಬಂದು ಹಿಂದಿನ ಎಡಗಾಲಿಯ ಮೇಲಿನ ತಗಡಿಗೆ ಅಂಗೈ ಇಟ್ಟು ಒತ್ತಿದಳು. ಗಾಡಿ ತಗ್ಗಿ, ಎದ್ದು, ಸುಮ್ಮನಾಯಿತು.

“ಎಲ್ಲಿ ಇಳದ್ರು?”

“ರಾಯಬಾಗದಾಗ,” ಎಂದುಬಿಟ್ಟೆ. ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು.

“ಹಂಗ ಇಳಿಸಿ ಬಂದ್ಯೇನು? ಊಟಾ?”

“ಆಗಿತ್ತಕ್ಕಾ.”

“ಹೊತ್ತ ಮುಳಗೂಕಿಂತ ಮದಲ?”

“ಮದಲ. ಬಿಸಿ ರೊಟ್ಟಿ, ಹೆಸರುಕಾಳು, ಮೊಸರು.”

ಅಕ್ಕ ಗಾಡಿಯಿಂದ ಕೈ ತೆಗೆದಳು. ಒಳ್ಳೆಯ ಕಣ್ಣಿನಿಂದ ನನ್ನನ್ನು ನೋಡಿದಳು, ಚಿಕ್ಕಂದಿನಲ್ಲಿ ನಾನು ಶಾಲೆಯಿಂದ ಬೇಗ ಬಂದ ದಿನ ನೋಡುತ್ತಿದ್ದ ಹಾಗೆ. ನಾನು ಕಣ್ಣು ತಪ್ಪಿಸಲಿಲ್ಲ, ತಪ್ಪಿಸಬೇಕಾದ ಸುಳ್ಳನ್ನು ನಾನು ಹೇಳಿರಲಿಲ್ಲ.

“ಬರೋಬ್ಬರಿ,” ಎಂದು ಬಾಗಿಲು ತೆಗೆದಳು. ಸೆರಗಿನಿಂದ ಸೀಟು ಒರೆಸಿ ಹತ್ತಿ ಕುಳಿತಳು. ನಾನು ಗಾಡಿ ಚಾಲೂ ಮಾಡಿದಾಗ ಕೇಳಿದಳು:

“ಯಾವ ದಾರಿ ಹಿಡೀತಿ?”

“ರಾಯಬಾಗದ ಮ್ಯಾಲ ಹೋದ್ರ ಮಿಸ್ತ್ರಿಗಿ ಒಮ್ಮಿ ತೋರಿಸ್ಕೊಂಡು…”

“ಬ್ಯಾಡ. ಮಾಂಜರಿ ಸೇತುವೆ ಮ್ಯಾಲ ನಡಿ. ರಾಯಬಾಗದಾಗ ಹಾದ್ರ ಗಾಡಿ ಕಂಡು ಮತ್ತ ಹತ್ತತಾರ.”

ಮಾಂಜರಿಯ ದಾರಿ ಹೇಗೂ ಹತ್ತಿರದ್ದು. ಆದರೆ ಹತ್ತಿರವೆಂದು ಆ ದಾರಿ ಹಿಡಿದೆ ಎಂದು ಬರೆದರೆ ಸುಳ್ಳಾಗುತ್ತದೆ.